ತಲಪರಿಗೆಯಿಂದ ಕೆಳಕ್ಕೆ: ನಮ್ಮೂರ ಹಳ್ಳವನ್ನು ಸರಿಪಡಿಸಿದ ಅನುಭವ

ಮಧುಗಿರಿ ತಾಲ್ಲೂಕಿನ ನಮ್ಮೂರ ಹಳ್ಳದ ಉದ್ದ ಸುಮಾರು ಎರಡೂವರೆ ಕಿಲೋಮೀಟರ್. ಗುಡ್ಡದ ಬುಡದ ತಲಪರಿಗೆಯಲ್ಲಿ ಹುಟ್ಟಿ, ರಾಗಿ ಮತ್ತು ಶೇಂಗಾ ಹೊಲಗಳ ನಡುವೆ ಹಾದು, ಕೆರೆ ತುಂಬಿಸಿ, ಕೋಡಿ ಬಿದ್ದ ವರ್ಷ ಜಯಮಂಗಲಿ ನದಿಯನ್ನು ಸೇರುತ್ತದೆ. ತಲಪರಿಗೆ ಎಂಬುದು ನಮ್ಮ ಸೀಮೆಯ ಒರತೆ. ಗುಂಡಿಯಲ್ಲಿ ಜಿನುಗುವ ನೀರನ್ನು ಕಾಲುವೆಯಲ್ಲಿ ಹರಿಸಿ, ಸರದಿಯಂತೆ ಗದ್ದೆಗೆ ಹಾಯಿಸುವ ಈ ಪದ್ಧತಿ ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಭಾಗಗಳಲ್ಲಿ ಬಹಳ ಹಳೆಯದು. ನೀರು ಪಡೆಯುವವರೇ ಕೂಡಿ ಹೂಳು ತೆಗೆಯಬೇಕೆಂಬುದು ಅದರ ಕಟ್ಟಳೆಯಾಗಿತ್ತು. ಕೊಳವೆಬಾವಿಗಳು ಬಂದ ಮೇಲೆ ಆ ಕಟ್ಟಳೆ ಸಡಿಲವಾಯಿತು, ತಲಪರಿಗೆ ಹೂಳಿನಲ್ಲಿ ಮುಚ್ಚಿಹೋಯಿತು, ಹಳ್ಳವನ್ನು ಸೀಮೆಜಾಲಿ ಆವರಿಸಿತು.

2019ರ ಬೇಸಿಗೆಯಲ್ಲಿ ನಾವು ಏಳೆಂಟು ಮಂದಿ ಕೈಯಿಂದ ಹಣ ಹಾಕಿ ಜೆಸಿಬಿ ತರಿಸಿದೆವು. ಜಾಲಿಯ ಜೊತೆಗೆ ದಡದ ಈಚಲು, ಲಕ್ಕಿ, ಹೊಂಗೆಗಳೂ ಹೋದವು. ಅಂಕುಡೊಂಕಾಗಿದ್ದ ಪಾತ್ರ ನೇರವಾಯಿತು. ನೋಡಲು ಅಚ್ಚುಕಟ್ಟಾಗಿದೆ ಎಂದು ಎಲ್ಲರೂ ಮೆಚ್ಚಿದರು, ನಾನೂ ಮೆಚ್ಚಿದೆ. ಮೊದಲ ಜೋರು ಮಳೆಗೆ ನೀರು ಎಲ್ಲಿಯೂ ತಡೆಯಿಲ್ಲದೆ ನುಗ್ಗಿ, ಬೇರಿಲ್ಲದ ದಡವನ್ನು ಕಿತ್ತುಕೊಂಡು, ಇಬ್ಬರ ಹೊಲದ ಬದುಗಳನ್ನು ಸೇರಿಸಿಕೊಂಡು ಕೆರೆಗೆ ಹೂಳು ತುಂಬಿತು. ನೆಲದ ಮೇಲಷ್ಟೇ ಕಡಿದಿದ್ದ ಜಾಲಿ ಮೂರು ತಿಂಗಳಲ್ಲಿ ಮತ್ತೆ ಚಿಗುರಿತು. ಅದನ್ನು ಕೊಲ್ಲಬೇಕಾದರೆ ಮಣ್ಣು ಬಿಡಿಸಿ, ಬುಡದ ಗಂಟಿನ ಕೆಳಗೆ ಒಂದಡಿಯಷ್ಟು ಆಳದಲ್ಲಿ ಕಡಿಯಬೇಕೆಂಬುದನ್ನು ನಮಗೆ ಕಲಿಸಿದವರು ಇದ್ದಿಲು ಸುಡುವವರು.

ಎರಡನೆಯ ಸಲ ಕೆಲಸಕ್ಕಿಂತ ಮೊದಲು ಕಾಗದ ನೋಡಿದೆವು. ಹಳ್ಳಗಳು ಕಂದಾಯ ದಾಖಲೆಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ. ಆದರೆ ನೆಲದ ಮೇಲೆ ಅದು ಹಲವೆಡೆ ಉಳುಮೆಯಾಗಿತ್ತು. ಗ್ರಾಮ ನಕ್ಷೆ ಹಿಡಿದು ದಡದ ರೈತರೊಬ್ಬರ ಬಳಿ ಹೋದಾಗ ಅವರು, "ಪಹಣಿ ನನ್ನ ಹೆಸರಲ್ಲೈತೆ ಕಣಪ್ಪ, ಹಳ್ಳ ಬಂದು ನನ್ನ ಹೊಲ ಕೊರೀತೈತೆ, ಅದಕ್ಕೆ ಯಾರು ಜವಾಬು?" ಎಂದು ಕೇಳಿದರು. ಹದ್ದುಬಸ್ತು, ಅಂದರೆ ಸರ್ವೆ ಮಾಡಿ ಗಡಿ ಗುರುತಿಸುವ ಕೆಲಸ, ಮಾಡಿಸಿ ಒತ್ತುವರಿ ಬಿಡಿಸೋಣವೆಂದು ನಮ್ಮಲ್ಲಿ ಕೆಲವರು ಹಟ ಹಿಡಿದಿದ್ದರು. ಹಾಗೆ ಮಾಡಿದ್ದರೆ ಕಾನೂನಿನ ಪ್ರಕಾರ ನಾವು ಗೆಲ್ಲುತ್ತಿದ್ದೆವು. ಹಳ್ಳಕ್ಕೆ ಕಾವಲು ಇರಬೇಕಾದವರು ಮಾತ್ರ ನಮಗೆ ಶತ್ರುಗಳಾಗುತ್ತಿದ್ದರು. ಕೊನೆಗೆ ದಡದ ಹತ್ತೊಂಬತ್ತು ಕುಟುಂಬಗಳ ಸಂಘ ಮಾಡಿ, ಎರಡೂ ಬದಿಯಲ್ಲಿ ನಾಲ್ಕು ಮಾರು ಜಾಗವನ್ನು ಉಳದೆ ಬಿಡಬೇಕು, ಅಲ್ಲಿ ಬೆಳೆಯುವ ಹುಲ್ಲು, ಹೊಂಗೆ ಬೀಜ ಮತ್ತು ಸೊಪ್ಪು ಆಯಾ ಹೊಲದವರಿಗೇ ಸೇರಬೇಕು ಎಂದು ಒಪ್ಪಂದ ಬರೆದುಕೊಂಡೆವು. ಹದಿನೆಂಟು ಕುಟುಂಬಗಳು ಸಹಿ ಹಾಕಿದವು.

ಕೆಲಸವನ್ನು ಗ್ರಾಮಸಭೆಯಲ್ಲಿ ಇಟ್ಟು ನರೇಗಾ (ಉದ್ಯೋಗ ಖಾತ್ರಿ) ಕ್ರಿಯಾಯೋಜನೆಗೆ ಸೇರಿಸಿದೆವು. ಆ ಯೋಜನೆಯಲ್ಲಿ ಕೂಲಿ ಕಸಿಯುವ ಯಂತ್ರಗಳಿಗೆ ಅವಕಾಶವಿರಲಿಲ್ಲ, ಖರ್ಚಿನಲ್ಲಿ ಕೂಲಿಗೆ 60, ಸಾಮಗ್ರಿಗೆ 40ರ ಅನುಪಾತ ಮೀರುವಂತಿರಲಿಲ್ಲ. ಹಿಂದೆ ಇದನ್ನು ತೊಡಕೆಂದು ಭಾವಿಸಿದ್ದ ನನಗೆ, ಜೆಸಿಬಿಯ ಅನುಭವದ ನಂತರ ಅದೇ ನಮ್ಮನ್ನು ಕಾಯ್ದಿತೆನ್ನಿಸಿತು. 2021ರಲ್ಲಿ ದಿನಗೂಲಿ 289 ರೂಪಾಯಿ ಇತ್ತು. ಸ್ತ್ರೀಶಕ್ತಿ ಸಂಘದ ಹೆಂಗಸರೇ ಹೆಚ್ಚಿನ ಸಂಖ್ಯೆಯಲ್ಲಿ ಬಂದರು.

ಈ ಬಾರಿ ಕೆರೆಯ ಕಡೆಯಿಂದಲ್ಲ, ಗುಡ್ಡದ ಕಡೆಯಿಂದ ಆರಂಭಿಸಿದೆವು. ಮೊದಲು ತಲಪರಿಗೆಯ ಹೂಳು ತೆಗೆದು, ಮೇಲಿನ ಹೊಲಗಳ ಬದುಗಳನ್ನು ಸರಿಪಡಿಸಿ, ನಂತರ ಕೊರಕಲುಗಳಿಗೆ ಅಡ್ಡಲಾಗಿ ಮೂವತ್ತೊಂದು ಕಲ್ಲೊಡ್ಡುಗಳನ್ನು ಹಾಕಿದೆವು. ಕಲ್ಲನ್ನು ಸುಮ್ಮನೆ ಗುಡ್ಡೆ ಹಾಕಿದರೆ ಅದು ಒಡ್ಡಾಗುವುದಿಲ್ಲ. ಅಡಿಪಾಯವನ್ನು ಒಂದಡಿ ತೋಡಿ, ಎರಡೂ ತುದಿಗಳನ್ನು ದಡದೊಳಕ್ಕೆ ಸೇರಿಸಿ, ದೊಡ್ಡ ಕಲ್ಲುಗಳನ್ನು ತಳಕ್ಕಿಟ್ಟು, ನೀರು ಪಕ್ಕಕ್ಕೆ ಹೊರಳಿ ದಡ ಕೊರೆಯದಂತೆ ನಡುಭಾಗವನ್ನು ಒಂದು ಗೇಣು ತಗ್ಗಿಸಿ, ನೀರು ಧುಮುಕುವ ಕಡೆ ಕಲ್ಲು ಹಾಸಬೇಕು. ಕೆಳಗಿನ ಒಡ್ಡಿನ ತಲೆ ಮೇಲಿನ ಒಡ್ಡಿನ ಪಾದದ ಮಟ್ಟಕ್ಕೆ ಬರುವಷ್ಟು ಅಂತರವಿರಬೇಕು. ಮೇಸ್ತ್ರಿಗಳು ಬಳಸುವ ನೀರಿನ ಟ್ಯೂಬಿನಿಂದಲೇ ಆ ಮಟ್ಟವನ್ನು ನೋಡಿದೆವು. ದಡಕ್ಕೆ ಎರಡು ಸಾಲು ಲಾವಂಚ, ಅದರ ಹಿಂದೆ ಅರಣ್ಯ ಇಲಾಖೆಯ ನರ್ಸರಿಯಿಂದ ತಂದ ಹೊಂಗೆ, ನೇರಳೆ, ಹೊಳೆಮತ್ತಿ ಸಸಿಗಳನ್ನು ಜೂನ್ ಮಳೆಗೆ ನೆಟ್ಟೆವು.

ಒಪ್ಪಂದದಲ್ಲಿ ನಾವು ಮರೆತಿದ್ದವರೆಂದರೆ ಕುರಿಗಾಹಿಗಳು. ಅವರಿಗೆ ಹಳ್ಳದ ದಡದಲ್ಲಿ ಹೊಲವಿಲ್ಲ, ಆದ್ದರಿಂದ ಸಂಘದಲ್ಲಿಯೂ ಜಾಗವಿರಲಿಲ್ಲ. ಆದರೆ ಹಳ್ಳವನ್ನು ದಿನವೂ ಬಳಸುವವರು ಅವರೇ. ಮೊದಲ ವರ್ಷದ ಸಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕುರಿಗಳ ಬಾಯಿಗೆ ಹೋದವು. ಜಗಳವಾದ ಮೇಲೆ ಒಟ್ಟಿಗೆ ಕುಳಿತು, ಕುರಿ ಮತ್ತು ದನಗಳು ನೀರಿಗಿಳಿಯಲು ಮೂರು ಕಡೆ ಚಪ್ಪಡಿ ಹಾಸಿದ ಇಳಿಜಾರು ಬಿಟ್ಟು, ಉಳಿದ ದಡಕ್ಕೆ ಎರಡು ಮಳೆಗಾಲ ಮೇಯಿಸಬಾರದೆಂದು ಗೊತ್ತುಮಾಡಿದೆವು. ಜಾಗ ಎಲ್ಲಿರಬೇಕೆಂದು ಅವರೇ ತೋರಿಸಿದ್ದರಿಂದ ಆ ಮಾತು ಬಹುಮಟ್ಟಿಗೆ ನಿಂತಿತು.

2022ರ ಭಾರಿ ಮಳೆಯಲ್ಲಿ ಆರು ಒಡ್ಡುಗಳು ಕಿತ್ತುಹೋದವು. ನಡುವೆ ತಗ್ಗು ಬಿಡದೆ ಆತುರದಲ್ಲಿ ಕಟ್ಟಿದ್ದವುಗಳೇ ಅವುಗಳಲ್ಲಿ ಹೆಚ್ಚು. ಮರುವರ್ಷ ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವಾದಾಗ ಹಳ್ಳದ ಕೆಳಭಾಗ ಒಣಗಿತು, ಕೆರೆಗೆ ನೀರೇ ಬರಲಿಲ್ಲ. ತಲಪರಿಗೆಯಲ್ಲಿ ಮಾತ್ರ ಸಂಕ್ರಾಂತಿ ಕಳೆದ ಮೇಲೂ ಮೊಣಕಾಲುದ್ದ ನೀರಿತ್ತು, ಮೇಲಿನ ಒಡ್ಡುಗಳ ಹಿಂದೆ ನಿಂತ ಮಣ್ಣಿನಲ್ಲಿ ಹುಲ್ಲು ಹಸಿರಾಗಿತ್ತು. ಕೊಳವೆಬಾವಿಗಳು ತುಂಬಿದವೆಂದು ಹೇಳಿದರೆ ಅದು ಸುಳ್ಳಾಗುತ್ತದೆ.

ಈಗ ಪ್ರತಿ ವರ್ಷ ಯುಗಾದಿ ಮುಗಿದ ವಾರ ಮನೆಗೊಂದು ಆಳಿನಂತೆ ಸೇರಿ ತಲಪರಿಗೆಯ ಹೂಳು ತೆಗೆಯುತ್ತೇವೆ. ಬರಲಾಗದವರು ಒಂದು ದಿನದ ಕೂಲಿಯನ್ನು ಸಂಘಕ್ಕೆ ಕಟ್ಟುತ್ತಾರೆ. ಸಹಿ ಹಾಕದ ಹತ್ತೊಂಬತ್ತನೆಯವರ ಹೊಲದಂಚಿನ ಎಂಬತ್ತು ಮೀಟರ್ ದಡ ಇನ್ನೂ ಬೋಳಾಗಿದೆ, ಪ್ರತಿ ಮಳೆಗೂ ಸ್ವಲ್ಪ ಸ್ವಲ್ಪ ಕುಸಿಯುತ್ತಿದೆ. ಕಳೆದ ವರ್ಷ ಅವರ ಮಗ ಪಕ್ಕದ ಹೊಲದವರಿಂದ ಒಂದು ಹೊರೆ ಲಾವಂಚದ ಬುಡಗಳನ್ನು ಕೇಳಿ ಕೊಂಡೊಯ್ದಿದ್ದಾನೆ, ಎಲ್ಲಿ ನೆಟ್ಟನೆಂದು ನಾನು ಇನ್ನೂ ಹೋಗಿ ನೋಡಿಲ್ಲ.