ಘಾಟ್ ಹತ್ತಿ ನಿಲ್ಲಿಸಿದರೆ ಸುಟ್ಟ ಎಣ್ಣೆ ವಾಸನೆ

ಚಿಕ್ಕಮಗಳೂರಲ್ಲಿ ಕಾರು ಓಡಿಸುವವರಿಗೆ ಸುಟ್ಟ ವಾಸನೆ ಹೊಸದಲ್ಲ. ಮುಳ್ಳಯ್ಯನಗಿರಿಯಿಂದ ಕೈಮರದ ಕಡೆ ಇಳಿಯುವಾಗ ಮುಂದಿರುವ ಟೂರಿಸ್ಟ್ ಗಾಡಿಯ ಬ್ರೇಕ್ ವಾಸನೆ ನಮ್ಮ ಕಾರೊಳಗೇ ಬಂದು ಕೂರುತ್ತದೆ. ಚಾರ್ಮಾಡಿಯಲ್ಲಿ ಹಾಫ್ ಕ್ಲಚ್‌ನಲ್ಲೇ ಹತ್ತಿಸುವವರ ಪುಣ್ಯದಿಂದ ಕ್ಲಚ್ ವಾಸನೆಯೂ ಸಿಗುತ್ತದೆ. ಹಾಗಾಗಿ ನಮ್ಮ ಹಳೇ ಪೆಟ್ರೋಲ್ ಕಾರು ನಾರಲು ಶುರುಮಾಡಿದಾಗ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನನಗೆ ಮಾತ್ರ ಅನುಮಾನ ಬಂತು. ಯಾಕಂದ್ರೆ ಈ ವಾಸನೆ ಇಳಿಯುವಾಗ ಬರುತ್ತಿರಲಿಲ್ಲ. ಹತ್ತಿ ಬಂದು ಗಾಡಿ ನಿಲ್ಲಿಸಿದ ಮೇಲೆ ಬರುತ್ತಿತ್ತು.

ಬ್ರೇಕ್ ಆಗಿದ್ದರೆ ಚಕ್ರದ ಹತ್ತಿರ ಮೂಗು ಹಿಡಿದರೆ ಸಾಕು, ಗೊತ್ತಾಗುತ್ತದೆ. ಕ್ಲಚ್ ವಾಸನೆ ಸುಟ್ಟ ಕಾಗದದ ಹಾಗಿರುತ್ತದೆ, ಕಾಲಿಗೆ ಬಿಡುವು ಕೊಟ್ಟರೆ ಹೋಗುತ್ತದೆ. ಕೂಲಂಟ್ ಸೋರಿದರೆ ಸ್ವಲ್ಪ ಸಿಹಿ ವಾಸನೆ. ನಮ್ಮದು ಇದ್ಯಾವುದೂ ಅಲ್ಲ, ಬಜ್ಜಿ ಬಾಣಲೆಯನ್ನು ಒಲೆ ಮೇಲೆ ಮರೆತ ಹಾಗೆ ಗಂಟಲಿಗೆ ಹಿಡಿಯುವ ಘಾಟು. ಹೊರಗಾಳಿ ಬರುವ ಹಾಗೆ ವೆಂಟ್ ಇಟ್ಟರೆ ಜಾಸ್ತಿ, ಒಳಗಿನ ಗಾಳಿಯೇ ಸುತ್ತುವ ಹಾಗೆ ಇಟ್ಟರೆ ಕಮ್ಮಿ. ಹೊರಗಾಳಿ ಒಳಗೆ ಬರುವ ಜಾಗ ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್‌ಗೆ ಒತ್ತಿಕೊಂಡೇ ಇರುತ್ತದೆ. ಅಂದರೆ ಬಾನೆಟ್ ಕೆಳಗೆ ಬಿಸಿ ಕಬ್ಬಿಣದ ಮೇಲೆ ಎಣ್ಣೆ ಬೀಳುತ್ತಿದೆ. ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ, ನಿಂತಾಗ ಮೇಲಕ್ಕೆ ಏಳುತ್ತದೆ.

ಗ್ಯಾರೇಜಿನವರೊಬ್ಬರು ನೋಡಿದ ತಕ್ಷಣ ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು ಅಂದರು. ನಾನು ಒಪ್ಪಲಿಲ್ಲ. ಎಣ್ಣೆ ಪಿಸ್ಟನ್ ದಾಟಿ ಮೇಲೆ ಬರದಂತೆ ತಡೆಯುವ ಈ ರಿಂಗ್ ಸವೆದರೆ ಅದು ಸಿಲಿಂಡರ್ ಒಳಗೆ ಉರಿಯುತ್ತದೆ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರುತ್ತದೆ. ಮೇಲಿನಿಂದ ಎಣ್ಣೆ ಸಿಲಿಂಡರ್ ಒಳಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಹೋಗಿದ್ದರೆ ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ, ಇಲ್ಲವೇ ಗೇರ್‌ನಲ್ಲೇ ಘಾಟ್ ಇಳಿದು ಆಕ್ಸಿಲರೇಟರ್ ಒತ್ತಿದಾಗ ಒಂದು ಬುಸ್ ಅಂತ ನೀಲಿ ಹೊಗೆ ಕಾಣಬೇಕು. ತಮ್ಮನನ್ನು ಹಿಂದಿನ ಗಾಡಿಯಲ್ಲಿ ಬರಲು ಹೇಳಿ ಎರಡನ್ನೂ ನೋಡಿಸಿದೆ. ಏನೂ ಇಲ್ಲ. ಹೊಗೆ ಇಲ್ಲದೆ ಬರೀ ವಾಸನೆ ಇದ್ದರೆ ಮೊದಲು ಹೊರಗಿನ ಲೀಕ್ ಹುಡುಕಬೇಕು ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ. ಎಂಜಿನ್ ಇಳಿಸುವ ಮಾತು ಆಮೇಲೆ.

ಗಾಡಿ ಸಮತಟ್ಟು ಜಾಗದಲ್ಲಿ ಆರಿದ ಮೇಲೆ ಎಣ್ಣೆ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ತೆಗೆದೆ. ಎಣ್ಣೆ ಕೆಳಗಿನ ಗುರುತಿನ ಹತ್ತಿರಕ್ಕೆ ಇಳಿದಿತ್ತು. ಟಾರ್ಚ್ ಹಿಡಿದು ನೋಡಿದರೆ ಎಂಜಿನ್ನಿನ ಹಿಂಭಾಗ ಪೂರ್ತಿ ಕರಿ ಜಿಡ್ಡು. ಇಷ್ಟು ಜಿಡ್ಡಿನಲ್ಲಿ ಲೀಕ್ ಎಲ್ಲಿಂದ ಅಂತ ಹೇಳುವುದು ಸುಮ್ನೆ ಊಹೆ. ಆಲ್ಟರ್ನೇಟರ್‌ಗೂ ವೈರಿಂಗ್ ಸಾಕೆಟ್‌ಗಳಿಗೂ ಪ್ಲಾಸ್ಟಿಕ್ ಸುತ್ತಿದೆ. ತಣ್ಣಗಿದ್ದ ಎಂಜಿನ್‌ಗೆ ಡಿಗ್ರೀಸರ್ ಹೊಡೆದು, ಬ್ರಷ್‌ನಲ್ಲಿ ಉಜ್ಜಿ ಒರೆಸಿದೆ. ಚೆನ್ನಾಗಿ ಒಣಗಿದ ಮೇಲೆ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ ಕೈಮರದವರೆಗೆ ಹೋಗಿ ಬಂದೆ.

ವಾಪಸ್ ಬಂದು ಬಾನೆಟ್ ಎತ್ತಿದರೆ ಉತ್ತರ ಎದುರಿಗೇ ಇತ್ತು. ಬಿಳಿ ಪೌಡರ್ ಮೇಲೆ ಒಂದೇ ಒಂದು ಕಂದು ಗೆರೆ. ಎಂಜಿನ್ನಿನ ನೆತ್ತಿ ಮುಚ್ಚುವ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ ಶುರುವಾಗಿ, ಅದರ ಕೆಳಗಿನ ಹೆಡ್ ಮೇಲೆ ಸೊಟ್ಟಗೆ ಇಳಿದು, ಎಂಜಿನ್ನಿನ ಹೊಗೆ ಹೊರಹಾಕುವ ಬಿಸಿ ಕೊಳವೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ತಗಡಿನ ಅಂಚಿಗೆ ಮುಟ್ಟಿತ್ತು. ಅಲ್ಲಿ ಎಣ್ಣೆ ಕರಕಲಾಗಿ ಹಕ್ಕಳೆ ಕಟ್ಟಿತ್ತು. ಎಣ್ಣೆ ಕೆಳಕ್ಕೆ ಹರಿಯುತ್ತದೆ, ಗಾಳಿಗೆ ಹಿಂದಕ್ಕೂ ಹೋಗುತ್ತದೆ ಅಲ್ವಾ? ಅದಕ್ಕೇ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ನೋಡಬೇಕು. ಕೆಳಗಿನ ಎಣ್ಣೆ ತೊಟ್ಟಿ, ಅಂದರೆ ಸಂಪ್ ಒದ್ದೆಯಾಗಿದೆ ಅಂತ ಸಂಪ್ ಪ್ಯಾಕಿಂಗ್ ಬದಲಿಸಿ ದುಡ್ಡು ಕಳೆದುಕೊಂಡವರು ಬೇಕಾದಷ್ಟಿದ್ದಾರೆ. ಒಂದು ಎಚ್ಚರಿಕೆ: ಮ್ಯಾನಿಫೋಲ್ಡ್ ಕೆಲವು ನೂರು ಡಿಗ್ರಿ ಬಿಸಿಯಾಗುತ್ತದೆ. ಬಾನೆಟ್ ಸಂದಿಯಿಂದ ಹೊಗೆ ಕಂಡರೆ ಗಾಡಿ ಓಡಿಸಬೇಡಿ, ಬೆಂಕಿ ಹತ್ತಬಹುದು.

ಟ್ಯಾಪೆಟ್ ಕವರಿನ ಅಂಚಿನಲ್ಲಿ ಎಣ್ಣೆ ತಡೆಯುವ ರಬ್ಬರ್ ಪ್ಯಾಕಿಂಗ್ ಬಿಸಿಗೆ ಗಟ್ಟಿಯಾಗುವುದು ಸಹಜ. ಆದರೂ ಪಿಸಿವಿ ವಾಲ್ವ್ ಒಂದು ಸಲ ನೋಡಲೇಬೇಕು. ಪಿಸ್ಟನ್ ಪಕ್ಕದಿಂದ ಕೆಳಗೆ ನುಸುಳುವ ಗ್ಯಾಸನ್ನು ಮತ್ತೆ ಇಂಟೇಕ್‌ಗೆ ಕಳಿಸುವುದು ಅದರ ಕೆಲಸ. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಎಣ್ಣೆ ಸಿಕ್ಕ ಸಂದಿಯಲ್ಲಿ ಹೊರಗೆ ಬರುತ್ತದೆ. ಬಿಚ್ಚಿ ಅಲ್ಲಾಡಿಸಿದರೆ ಟಕಟಕ ಅನ್ನಬೇಕಿತ್ತು, ನಮ್ಮದು ಮಾತೇ ಆಡಲಿಲ್ಲ. ನಮ್ಮ ಮಳೆಗಾಲವೂ ಇದಕ್ಕೆ ಕಾರಣ. ಮನೆಯಿಂದ ಪೇಟೆಗೆ ಮಾತ್ರ ಓಡಿಸಿದರೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಒಳಗಿನ ತೇವ ಎಣ್ಣೆಗೆ ಸೇರಿ ಕೆನೆಯಂಥ ಜಿಡ್ಡಾಗುತ್ತದೆ. ಆಯಿಲ್ ಮುಚ್ಚಳದ ಕೆಳಗೂ ಅದೇ ಇತ್ತು. ಕೂಲಂಟ್ ಇಳಿಯದೆ ಬರೀ ಮುಚ್ಚಳದಲ್ಲಿ ಕೆನೆ ಕಂಡರೆ ಎಣ್ಣೆ, ಕೂಲಂಟ್ ಎರಡೂ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯಿತು ಅಂತ ಗಾಬರಿ ಬೇಡ.

ಪ್ಯಾಕಿಂಗ್ ಸೆಟ್, ಸ್ಪಾರ್ಕ್ ಪ್ಲಗ್ ಗುಂಡಿಗೆ ಎಣ್ಣೆ ಇಳಿಯದಂತೆ ತಡೆಯುವ ಪ್ಲಗ್ ಟ್ಯೂಬ್ ಸೀಲ್, ಪಿಸಿವಿ ವಾಲ್ವ್ ಇಲ್ಲಿ ಸಿಗದೆ ಹಾಸನದಿಂದ ಬಸ್ಸಿನಲ್ಲಿ ತರಿಸಿಕೊಂಡೆ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಸಾಕೆಟ್‌ಗಳಿಗೆ ಟೇಪ್ ಅಂಟಿಸಿ ನಂಬರ್ ಬರೆದೆ. ಒಂದು ಪ್ಲಗ್ ಗುಂಡಿಯಲ್ಲಿ ಎಣ್ಣೆ ನಿಂತಿತ್ತು, ಟ್ಯೂಬ್ ಸೀಲ್ ಕೂಡ ಹೋಗಿದ್ದಕ್ಕೆ ಸಾಕ್ಷಿ. ಪ್ಲಗ್ ಬಿಚ್ಚುವ ಮೊದಲೇ ಅದನ್ನು ಬಟ್ಟೆಯಿಂದ ಹೀರಿ ತೆಗೆಯಿರಿ, ಇಲ್ಲದಿದ್ದರೆ ಸಿಲಿಂಡರ್‌ಗೆ ಇಳಿಯುತ್ತದೆ. ಕವರ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತುರುಕಬೇಡಿ. ರಬ್ಬರ್ ಸುತ್ತಿಗೆಯಲ್ಲಿ ಪಕ್ಕದಿಂದ ಮೆಲ್ಲಗೆ ತಟ್ಟಿದರೆ ಬಿಡುತ್ತದೆ. ಹಳೇ ಪ್ಯಾಕಿಂಗ್ ಬಾಗಿಸಿದರೆ ಲಟಕ್ ಅಂತ ಮುರಿಯಿತು.

ಹೊಸ ಪ್ಯಾಕಿಂಗ್ ಕೂರುವ ಜಾಗವನ್ನು ಪೂರ್ತಿ ಜಿಡ್ಡು ತೆಗೆದು ಒಣಗಿಸಬೇಕು. ಟೈಮಿಂಗ್ ಕವರ್ ಹೆಡ್‌ಗೆ ಸೇರುವ ಮೂಲೆಗಳಿಗೆ ಮಾತ್ರ ಚೂರು ಸಿಲಿಕೋನ್ ಪೇಸ್ಟ್ ಹಚ್ಚಿದೆ. ಸುತ್ತ ಬಳಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಉಬ್ಬಿದ ಪೇಸ್ಟ್ ಕಿತ್ತು ಎಣ್ಣೆ ದಾರಿಗೆ ಅಡ್ಡ ಬರಬಹುದು. ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿದೆ. ನನ್ನ ಎಂಜಿನ್‌ಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು, ನಿಮ್ಮದಕ್ಕೆ ಮ್ಯಾನುಯಲ್ ನೋಡಿ. ಹೆಡ್ ಅಲ್ಯೂಮಿನಿಯಂ, ಭುಜದ ಬಲ ತೋರಿಸಿದರೆ ತ್ರೆಡ್ ಕಿತ್ತು ಬರುತ್ತದೆ.

ಮೊದಲ ಸವಾರಿಯಲ್ಲಿ ವಾಸನೆ ಬಂದೇ ಬರುತ್ತದೆ. ಮ್ಯಾನಿಫೋಲ್ಡ್ ಮೇಲೆ ಉಳಿದ ಎಣ್ಣೆ ಉರಿದು ಹೋಗಬೇಕಲ್ಲ. ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿಂದು ಬರುವಷ್ಟರಲ್ಲಿ ನಮ್ಮದು ಪೂರ್ತಿ ನಿಂತಿತು. ಮತ್ತೆ ಪೌಡರ್ ಹಾಕಿ ನೋಡಿದರೂ ಗೆರೆ ಇಲ್ಲ. ಗೇರ್‌ಬಾಕ್ಸ್ ಎಂಜಿನ್‌ಗೆ ಸೇರುವ ಕಡೆ ಸ್ವಲ್ಪ ಜಿಡ್ಡಿದೆ, ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್‌ನ ಹಿಂದಿನ ಸೀಲ್ ಇರಬೇಕು. ಅದು ಇನ್ನೂ ತೊಟ್ಟಿಕ್ಕುತ್ತಿಲ್ಲ, ಬಿಸಿ ಪೈಪಿಗೂ ತಾಗುತ್ತಿಲ್ಲ. ಕ್ಲಚ್ ಪ್ಲೇಟ್‌ಗೆ ಹೇಗಿದ್ದರೂ ಗೇರ್‌ಬಾಕ್ಸ್ ಇಳಿಸಬೇಕು, ಆಗ ಅದನ್ನೂ ಹಾಕಿಸುತ್ತೇನೆ.