ಸಿಇಟಿ ಸೀಟಿಗೆ ಶಾಲೆಯ ಹೆಸರಲ್ಲ, ಶಾಲೆಯ ದಾಖಲೆ ಮುಖ್ಯ

ಪ್ರತಿಷ್ಠಿತ ಶಾಲೆಯಲ್ಲಿ ಓದಿದರೆ ಎಂಜಿನಿಯರಿಂಗ್ ಸೀಟು ಸುಲಭ ಎಂದು ನಂಬಿ ಸಾಲ ಮಾಡಿ ಶುಲ್ಕ ಕಟ್ಟುವ ಪೋಷಕರು ಮೊದಲು ಲೆಕ್ಕ ನೋಡಬೇಕು. ಕೆಸಿಇಟಿ (ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ) ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಶಾಲೆಯ ಖ್ಯಾತಿಗೆ ಒಂದು ಅಂಕವೂ ಇಲ್ಲ. ದ್ವಿತೀಯ ಪಿಯು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ, ಸಿಇಟಿಯ 180 ಅಂಕಗಳಿಗೆ ಅರ್ಧ ತೂಕ. ಪಿಯುನಲ್ಲಿ 300ಕ್ಕೆ 270, ಸಿಇಟಿಯಲ್ಲಿ 90 ಬಂದರೆ 45 ಮತ್ತು 25 ಸೇರಿ ನೂರಕ್ಕೆ 70. ಹೆಸರಾಂತ ಕಾಲೇಜಿನವರಿಗೂ ಹಳ್ಳಿಯ ಸರ್ಕಾರಿ ಕಾಲೇಜಿನವರಿಗೂ ಇದೇ ಸೂತ್ರ. ವೈದ್ಯಕೀಯಕ್ಕಂತೂ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಾದ ನೀಟ್ ಅಂಕವೇ ಆಧಾರ.

ಆದರೆ ಶಾಲೆ ಎಲ್ಲಿತ್ತು, ಯಾವ ಮಾಧ್ಯಮದ್ದು ಎಂಬುದಕ್ಕೆ ನಿಜವಾದ ಬೆಲೆಯಿದೆ. ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಎರಡಕ್ಕೂ 1ರಿಂದ 10ನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷದ ಓದು ಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಹೆಸರಿರುವ ಶಾಲೆ ಸಿಗಲೆಂದು ಎಂಟನೇ ತರಗತಿಗೆ ಮಗುವನ್ನು ಪಟ್ಟಣಕ್ಕೆ ಕಳಿಸಿದರೆ ಗ್ರಾಮೀಣ ಹಕ್ಕು ಪೂರ್ತಿ ಹೋಗುತ್ತದೆ. ವರ್ಗಾವಣೆಗೆ ಮುನ್ನ ಇದನ್ನು ತೂಗಿ ನೋಡಿ.

ಓದಿದ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಿ. ಪ್ರತಿ ವರ್ಷವೂ, ಊರು, ತಾಲ್ಲೂಕು, ಮಾಧ್ಯಮವೂ ಅದರಲ್ಲಿ ಸ್ಪಷ್ಟವಾಗಿರಲಿ. ಮುಚ್ಚಿಹೋದ ಶಾಲೆಯಾದರೆ ದಾಖಲೆ ಹುಡುಕಲು ಸಮಯ ಹಿಡಿಯುತ್ತದೆ, ಪಿಯು ಮೊದಲ ವರ್ಷದಲ್ಲೇ ಶುರುಮಾಡಿ. ಅರ್ಜಿ ತುಂಬುವಾಗ ಮೀಸಲಾತಿ ಕೋರಿಕೆಯನ್ನು ತಪ್ಪದೆ ನಮೂದಿಸಿ.