ರಿಟರ್ನಲ್: ಬೆರಳಿಗೆ ಹಬ್ಬ, ಸಮಯಕ್ಕೆ ದಂಡ

ರಿಟರ್ನಲ್ ಎಂಬ ವಿಡಿಯೋ ಗೇಮ್ ಹೆಸರು ಎತ್ತಿದರೆ ಸಾಕು, 'ಅಯ್ಯೋ, ಅದು ವಿಪರೀತ ಕಷ್ಟ' ಎನ್ನುವವರೇ ಜಾಸ್ತಿ. ನಾನು ಅದನ್ನು ಕೊನೆಯವರೆಗೂ ಆಡಿದ್ದೇನೆ, ಗುಟ್ಟಾಗಿಟ್ಟ ಇನ್ನೊಂದು ಮುಕ್ತಾಯವನ್ನೂ ನೋಡಿದ್ದೇನೆ. ಕಷ್ಟ ಇರುವುದು ನಿಜ. ಆದರೆ ಆಡ್ತಾ ಆಡ್ತಾ ಅದು ಕೈಗೆ ಬರುತ್ತದೆ. ನನಗೆ ಕೊನೆಯವರೆಗೂ ಕಿರಿಕಿರಿ ಅನಿಸಿದ್ದು, ಈ ಗೇಮ್ ನಮ್ಮ ಸಮಯವನ್ನು ನುಂಗುವ ರೀತಿ. ಅದಕ್ಕೆ ಯಾವ ಅಭ್ಯಾಸವೂ ಮದ್ದಲ್ಲ.

ಆಡದವರಿಗಾಗಿ ಎರಡು ಮಾತು. ಫಿನ್‌ಲೆಂಡಿನ ಹೌಸ್‌ಮಾರ್ಕ್ ಸ್ಟುಡಿಯೋ ಮಾಡಿದ ಗೇಮ್ ಇದು. 2021ರ ಏಪ್ರಿಲ್ 30ರಂದು ಪ್ಲೇಸ್ಟೇಷನ್ 5ಕ್ಕೆ ಬಂತು, 2023ರ ಫೆಬ್ರವರಿಯಲ್ಲಿ ಪಿಸಿಗೂ ಬಂತು. ಸೆಲೀನ್ ಎಂಬ ಗಗನಯಾತ್ರಿಯ ನೌಕೆ ಅಟ್ರೊಪಾಸ್ ಎಂಬ ಗ್ರಹಕ್ಕೆ ಅಪ್ಪಳಿಸುತ್ತದೆ. ಸ್ವಲ್ಪ ದೂರ ನಡೆಯುವಷ್ಟರಲ್ಲಿ ಅವಳಿಗೆ ಒಂದು ಹೆಣ ಸಿಗುತ್ತದೆ. ಅದು ಅವಳದೇ. ಸತ್ತಾಗಲೆಲ್ಲ ಅದೇ ಒಡೆದ ನೌಕೆಯ ಪಕ್ಕದಲ್ಲಿ ಎಚ್ಚರವಾಗುತ್ತದೆ, ಆದರೆ ಸುತ್ತಲಿನ ಕೋಣೆಗಳ ಜೋಡಣೆ ಬದಲಾಗಿರುತ್ತದೆ. ಬಂದೂಕು ಹೋಯ್ತು, ಒಬೊಲೈಟ್ ಎಂಬ ದುಡ್ಡು ಹೋಯ್ತು. ಈಥರ್ ಎಂಬ ವಸ್ತು ಮತ್ತು ಕತ್ತಿ, ಕೊಕ್ಕೆ ಹಗ್ಗದಂಥ ಕೆಲವು ಸಲಕರಣೆಗಳು ಮಾತ್ರ ಉಳಿಯುತ್ತವೆ. ಇಂಥ 6 ವಲಯಗಳನ್ನು ದಾಟಬೇಕು.

ಹೌಸ್‌ಮಾರ್ಕ್‌ನವರು ಮೊದಲು ಮಾಡುತ್ತಿದ್ದುದು ಸೂಪರ್ ಸ್ಟಾರ್‌ಡಸ್ಟ್ ಎಚ್‌ಡಿ, ರೆಸೋಗನ್, ನೆಕ್ಸ್ ಮಶೀನಾ ತರಹದ ಹಳೇ ಆರ್ಕೇಡ್ ಶೈಲಿಯ, ಅಂದರೆ ನಾಣ್ಯ ಹಾಕಿ ಆಡುವ ಯಂತ್ರಗಳ ಕಾಲದ ಶೈಲಿಯ ಗೇಮ್‌ಗಳು. ಅವುಗಳಿಗೆ ಹೊಗಳಿಕೆ ಬಂದಷ್ಟು ಮಾರಾಟ ಬರಲಿಲ್ಲ. 2017ರಲ್ಲಿ 'ಆರ್ಕೇಡ್ ಸತ್ತಿದೆ' ಎಂದು ಅವರೇ ಬಹಿರಂಗವಾಗಿ ಹೇಳಿ ಆ ದಾರಿ ಬಿಟ್ಟರು. ಬಿಟ್ಟೆವು ಅಂದರೂ ಬೆರಳು ಮರೆಯುತ್ತಾ? ರಿಟರ್ನಲ್‌ನಲ್ಲಿ ಶತ್ರುಗಳು ಉಗುಳುವ ಗುಂಡುಗಳನ್ನು ನೋಡಿ. ದಪ್ಪ ದಪ್ಪ ಉಂಡೆಗಳು, ಹೊಳೆಯುವ ಬಣ್ಣ, ಕಣ್ಣಿಗೆ ಕಾಣುವಷ್ಟು ನಿಧಾನ. ಹತ್ತಾರು ಒಟ್ಟಿಗೆ ಬರುತ್ತವೆ. ಇದು ಪಕ್ಕಾ ಆರ್ಕೇಡ್ ಗುಂಡಿನ ಮಳೆ, ಸೆಲೀನ್‌ಳ ಬೆನ್ನ ಹಿಂದೆ ಕ್ಯಾಮೆರಾ ಇಟ್ಟು ತೋರಿಸಿದ್ದಾರೆ, ಅಷ್ಟೇ.

ಇದು ಅರ್ಥವಾದ ಮೇಲೆ ನಾನು ಆಡುವ ರೀತಿಯೇ ಬದಲಾಯಿತು. ಬೇರೆ ಶೂಟಿಂಗ್ ಗೇಮ್‌ಗಳಲ್ಲಿ ಕಣ್ಣು ಶತ್ರುವಿನ ಮೇಲಿರುತ್ತದೆ. ಇಲ್ಲಿ ಕಣ್ಣು ಗುಂಡುಗಳ ಮೇಲಿರಬೇಕು. ಗುರಿ ಸ್ವಲ್ಪ ತಪ್ಪಿದರೂ ಗೇಮ್ ಸಹಾಯ ಮಾಡುತ್ತದೆ, ಮದ್ದು ಗುಂಡು ಮುಗಿಯುವ ಚಿಂತೆಯೂ ಇಲ್ಲ. ಹೀಗಾಗಿ ಹೊಡೆಯುವುದು ಅರ್ಧ ಗಮನದ ಕೆಲಸ. ಉಳಿದ ಗಮನವೆಲ್ಲ ಕಾಲಿಗೆ. ಡ್ಯಾಶ್ ಬಟನ್ ಒತ್ತಿದಾಗ ಸೆಲೀನ್ ಗುಂಡುಗಳ ನಡುವೆ ತೂರಿಕೊಂಡು ಹೋಗುತ್ತಾಳೆ, ಆ ಕ್ಷಣ ಏಟು ಬೀಳುವುದಿಲ್ಲ. ಭಯಕ್ಕೆ ಹಿಂದಕ್ಕೆ ಹಾರಿದರೆ ಗುಂಡುಗಳು ಹಿಂದೆಯೇ ಬರುತ್ತವೆ. ಮುಂದಕ್ಕೆ, ಗುಂಡಿನ ಗೋಡೆಯ ಒಳಕ್ಕೇ ನುಗ್ಗಿದರೆ ಆಚೆ ಬದಿಯಲ್ಲಿ ಖಾಲಿ ಜಾಗ ಸಿಗುತ್ತದೆ, ಪಕ್ಕದಲ್ಲೇ ಶತ್ರುವೂ ಇರುತ್ತಾನೆ. ಕತ್ತಿ ಬೀಸಿದರೆ ಮುಗೀತು. ಕೆಂಪು ಕವಚದ ಶತ್ರುಗಳ ಕವಚ ಒಡೆಯಲು ಆ ಕತ್ತಿಯೇ ಬೇಕು, ಹಾಗಾಗಿ ಹತ್ತಿರ ಹೋಗುವ ಧೈರ್ಯ ಬಂದವರಿಗೆ ಅರ್ಧ ಗೇಮ್ ಗೆದ್ದ ಹಾಗೆ.

ಇದರ ಜೊತೆಗೆ ಅಡ್ರಿನಲಿನ್ ಎಂಬ ವ್ಯವಸ್ಥೆ ಇದೆ. ಏಟು ತಿನ್ನದೆ ಮೂರು ಶತ್ರುಗಳನ್ನು ಮುಗಿಸಿದರೆ ಒಂದು ಹಂತ ಏರುತ್ತದೆ. ಹೀಗೆ 5 ಹಂತ, ಪ್ರತಿ ಹಂತಕ್ಕೂ ಒಂದು ಹೊಸ ಅನುಕೂಲ. ಒಂದೇ ಒಂದು ಏಟು ಬಿದ್ದರೆ ಎಲ್ಲಾ ಸೊನ್ನೆ. ನನಗೆ ತುಂಬಾ ಹಿಡಿಸಿದ್ದು ಇದೇ. ಚೆನ್ನಾಗಿ ಆಡುತ್ತಿರುವಾಗ ಇನ್ನೂ ಚೆನ್ನಾಗಿ ಆಡಬೇಕು ಅನಿಸುತ್ತದೆ, ಸಾಮಾನ್ಯ ಕೋಣೆಯಲ್ಲೂ ಮೈ ಬಿಗಿಯಾಗಿರುತ್ತದೆ.

ಗುಂಡು ತುಂಬಿಸುವ ಆಟವನ್ನೂ ಹೇಳಬೇಕು. ಬಂದೂಕು ಖಾಲಿಯಾದಾಗ ಪರದೆಯ ಮೇಲೆ ಒಂದು ಸಣ್ಣ ಪಟ್ಟಿ ಓಡುತ್ತದೆ, ಸರಿಯಾದ ಜಾಗದಲ್ಲಿ ಮತ್ತೆ ಟ್ರಿಗರ್ ಒತ್ತಿದರೆ ತಕ್ಷಣ ತುಂಬುತ್ತದೆ. ಗಡಿಬಿಡಿಯಲ್ಲಿ ಒತ್ತಿದರೆ ಕಾಯಬೇಕು. ಸುಮ್ನೆ ಟ್ರಿಗರ್ ಹಿಡಿದುಕೊಂಡು ಕೂರುವ ಚಾಳಿಯನ್ನು ಇದು ಬಿಡಿಸುತ್ತದೆ. ಪ್ಲೇಸ್ಟೇಷನ್ 5ರ ಕಂಟ್ರೋಲರ್‌ನಲ್ಲಿ ಎಡ ಟ್ರಿಗರ್ ಅರ್ಧ ಒತ್ತಿದರೆ ಗುರಿ, ಪೂರ್ತಿ ಒತ್ತಿದರೆ ಬಂದೂಕಿನ ಎರಡನೇ ವಿಶೇಷ ಹೊಡೆತ. ಅರ್ಧದಲ್ಲಿ ಟ್ರಿಗರ್ ತಾನೇ ತಡೆಯುವುದು ಬೆರಳಿಗೆ ಗೊತ್ತಾಗುತ್ತದೆ. ಮಜವಾದ ಯೋಚನೆ. ಆದರೆ ಬಾಸ್, ಅಂದರೆ ವಲಯದ ಕೊನೆಯ ದೊಡ್ಡ ಶತ್ರು, ಎದುರಿಗೆ ನಿಂತಾಗ ಬೆರಳು ಅರ್ಧದಲ್ಲಿ ನಿಲ್ಲುತ್ತಾ? ನನ್ನದಂತೂ ನಿಲ್ಲಲ್ಲ. ಆಮೇಲಾಮೇಲೆ ಗುರಿ ಹಿಡಿಯುವುದನ್ನೇ ಬಿಟ್ಟು ಓಡ್ತಾ ಹೊಡೆಯುವುದನ್ನು ರೂಢಿ ಮಾಡಿಕೊಂಡೆ, ಅದೇ ಒಳ್ಳೆಯದಾಯಿತು.

ಬಂದೂಕುಗಳಲ್ಲಿ ಸಮಾನತೆ ಅನ್ನೋದಿಲ್ಲ. ಹಾಲೋಸೀಕರ್ ಎಂಬ ಬಂದೂಕಿಗೆ ಪೋರ್ಟಲ್ ಬೀಮ್ ಎಂಬ ಗುಣ ಸೇರಿಕೊಂಡರೆ ಬಾಸ್‌ಗಳ ಆಯಸ್ಸು ನೋಡನೋಡುತ್ತಲೇ ಕರಗುತ್ತದೆ. ನನ್ನ ಮೆಚ್ಚಿನದು ಎಲೆಕ್ಟ್ರೊಪೈಲಾನ್ ಡ್ರೈವರ್. ಶತ್ರುವಿನ ಮೇಲೋ ನೆಲದ ಮೇಲೋ ಗೂಟಗಳನ್ನು ನೆಟ್ಟರೆ ಅವುಗಳ ನಡುವಿನ ಕೆಂಪು ತಂತಿಯೇ ಶತ್ರುವನ್ನು ಸುಡುತ್ತಾ ಇರುತ್ತದೆ. ಆ ಹೊತ್ತಿನಲ್ಲಿ ನೀವು ಬಂಡೆಯ ಹಿಂದೆ ಓಡಬಹುದು, ಗುಂಡು ತಪ್ಪಿಸಿಕೊಳ್ಳಬಹುದು. ಕಾಲಿಗೆ ಗಮನ ಬೇಕಾದ ಈ ಗೇಮ್‌ಗೆ ಇದಕ್ಕಿಂತ ಹೊಂದುವ ಆಯುಧ ಇಲ್ಲ. ಡ್ರೆಡ್‌ಬೌಂಡ್ ಇನ್ನೊಂದು ವಿಚಿತ್ರ: ಹೋದ ಗುಂಡು ವಾಪಸ್ ಬಂದರೆ ಮಾತ್ರ ಮತ್ತೆ ಹೊಡೆಯಬಹುದು, ಹಾಗಾಗಿ ಶತ್ರುವಿಗೆ ಹತ್ತಿರ ಇದ್ದಷ್ಟೂ ವೇಗ. ಶುರುವಿನಿಂದ ಸಾಯುವವರೆಗಿನ ಒಂದು ಸರದಿಯನ್ನು ಓಟ ಅನ್ನೋಣ. ಇಂಥ ಬಂದೂಕು ಕೈಗೆ ಬಂದ ಓಟ ಒಂದು ತರಹ, ಬರೀ ಆರಂಭದ ಪಿಸ್ತೂಲಿನಲ್ಲೇ ತಿಣುಕುವ ಓಟ ಇನ್ನೊಂದು ತರಹ. ಯಾವುದು ಸಿಗುತ್ತದೆ ಅನ್ನೋದು ಅದೃಷ್ಟ.

ಬದುಕಿ ಉಳಿಯಲು ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಸಿಲ್ಫಿಯಂ. ಆರೋಗ್ಯ ತುಂಬುವ ಹಸಿರು ವಸ್ತು ಅದು. ಆರೋಗ್ಯ ಪೂರ್ತಿ ಇರುವಾಗ ಅದನ್ನು ಎತ್ತಿಕೊಂಡರೆ ಆರೋಗ್ಯದ ಪಟ್ಟಿಯೇ ಉದ್ದವಾಗಲು ಲೆಕ್ಕಕ್ಕೆ ಸೇರುತ್ತದೆ, ಇಂಥ ಮೂರು ಸೇರಿದರೆ ಪಟ್ಟಿ ಬೆಳೆಯುತ್ತದೆ. ಹಾಗಾಗಿ ಕೋಣೆ ಗೆದ್ದ ತಕ್ಷಣ ಕಂಡಿದ್ದನ್ನೆಲ್ಲ ಬಾಚಿಕೊಳ್ಳಬಾರದು. ಸ್ವಲ್ಪ ಏಟು ಬಿದ್ದಿದ್ದರೆ ಮೊದಲು ಒಂದು ಚಿಕ್ಕದನ್ನು ತಗೊಂಡು ಪೂರ್ತಿ ಮಾಡಿಕೊಳ್ಳಿ, ಉಳಿದದ್ದನ್ನು ಆಮೇಲೆ ಎತ್ತಿ. ಸಿಗುವ ವಲಯವನ್ನು ಮೂಲೆಮೂಲೆ ಹುಡುಕಿ ಪಟ್ಟಿ ಬೆಳೆಸಿಕೊಂಡು ಹೋದ ಓಟಗಳೇ ನನಗೆ ದೂರ ಹೋದವು. ಕೈಯಲ್ಲಿ 6 ಈಥರ್ ಉಳಿದಿದ್ದರೆ, ದಾರಿಯಲ್ಲಿ ಸಿಗುವ ರೀಕನ್‌ಸ್ಟ್ರಕ್ಟರ್ ಯಂತ್ರಕ್ಕೆ ಕೊಟ್ಟರೆ ಸತ್ತ ಮೇಲೆ ಒಂದು ಸಲ ಅಲ್ಲೇ ಎದ್ದು ಬರಬಹುದು. ಈಥರ್ ಅನ್ನು ಹೊಸ ಸಾಮಾನು ತೆರೆಯಲೂ ಬಳಸಬಹುದು, ಆದರೆ ನಾನು ಮೊದಲು ಇದಕ್ಕೆ ಎತ್ತಿಡುತ್ತಿದ್ದೆ.

ಇನ್ನು ನೇರಳೆ ಹೊಗೆ ಸುತ್ತಿದ ಪೆಟ್ಟಿಗೆಗಳು, ಸಾಮಾನುಗಳು. ಮುಟ್ಟಿದರೆ ಸೂಟ್‌ನಲ್ಲಿ ಏನಾದರೂ ಕೆಡಬಹುದು, ಎಷ್ಟು ಅಪಾಯ ಅಂತ ಮೊದಲೇ ತೋರಿಸುತ್ತದೆ. ಕೆಟ್ಟದ್ದನ್ನು ಸರಿಮಾಡಲು ಒಂದು ಸಣ್ಣ ಕೆಲಸ ಕೊಡುತ್ತದೆ: ಇಷ್ಟು ಪೆಟ್ಟಿಗೆ ತೆರೆ, ಇಷ್ಟು ಶತ್ರು ಕೊಲ್ಲು. ಜೊತೆಗೆ ತೋಳಿಗೆ ಅಂಟಿಕೊಳ್ಳುವ ಪರಾವಲಂಬಿ ಹುಳಗಳಿವೆ, ಒಂದು ಲಾಭ ಒಂದು ನಷ್ಟ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಈ ಗೇಮ್‌ನ ಸಪ್ಪೆ ಭಾಗ ಇದೇ. ಸಿಗುವ ಲಾಭಗಳು ಬಹುಪಾಲು ಇಷ್ಟು ಶೇಕಡಾ ರಕ್ಷಣೆ, ಅಷ್ಟು ಶೇಕಡಾ ಏಟು ಅನ್ನೋ ತರಹದವು. ಇದೇ ಜಾತಿಯ ಒಳ್ಳೆಯ ಗೇಮ್‌ಗಳಲ್ಲಿ ಎರಡು ಸಾಮಾನು ಸೇರಿದಾಗ ಆಡುವ ಬಗೆಯೇ ತಲೆಕೆಳಗಾಗುತ್ತದೆ. ಇಲ್ಲಿ ಅಂಥದ್ದು ಅಪರೂಪ. ನೇರಳೆ ಪೆಟ್ಟಿಗೆ ಮುಂದೆ ನಿಂತು ಯೋಚಿಸುವಷ್ಟು ಅದರೊಳಗೆ ಏನೂ ಇರಲ್ಲ. ಅಪಾಯ ಕಮ್ಮಿ ಅಂತ ತೋರಿಸಿದರೆ ಮುಟ್ಟುವುದು, ಇಲ್ಲದಿದ್ದರೆ ಮುಂದೆ ಹೋಗುವುದು ಅಂತ ನಾನು ನಿಯಮ ಮಾಡಿಕೊಂಡೆ. ತಲೆನೋವು ಕಮ್ಮಿಯಾಯಿತು.

ಬಾಸ್‌ಗಳ ವಿಷಯದಲ್ಲಿ ಮಾತ್ರ ದೂರು ಇಲ್ಲ. ಮೊದಲನೇ ವಲಯದ ಫ್ರೈಕಿ ನಿಮಗೆ ಡ್ಯಾಶ್ ಕಲಿಸುತ್ತದೆ. ಇಕ್ಸಿಯಾನ್ ಹಾರಿ ಬಂದು ಅಪ್ಪಳಿಸುತ್ತದೆ. ಮೂರನೇ ವಲಯದ ನೆಮೆಸಿಸ್ ಎದುರು ನಿಂತ ನೆಲವೇ ಕೈಕೊಡುತ್ತದೆ, ಕೊಕ್ಕೆ ಹಗ್ಗದಲ್ಲಿ ತುಂಡಿನಿಂದ ತುಂಡಿಗೆ ಹಾರುತ್ತಾ ಹೊಡೆಯಬೇಕು. ನಾಲ್ಕನೇ ವಲಯದ ಹೈಪೀರಿಯನ್ ಗೋಪುರದ ತುದಿಯಲ್ಲಿ ದೊಡ್ಡ ಆರ್ಗನ್ ವಾದ್ಯ ನುಡಿಸುತ್ತಾ ಕೂತಿರುತ್ತದೆ, ಸ್ವರ ಏರಿದಂತೆ ಗುಂಡಿನ ಅಲೆಗಳು ಏರುತ್ತವೆ. ಆ ಗೋಪುರ ಹತ್ತುವಾಗಲೇ ಕೆಳಗಿನವರೆಗೂ ಆ ಸಂಗೀತ ಕೇಳಿಸುತ್ತಿರುತ್ತದೆ. ಹೆಡ್‌ಫೋನ್ ಹಾಕಿಕೊಂಡೇ ಆಡಿ. ಬೆನ್ನ ಹಿಂದಿನ ಶತ್ರು ಎಲ್ಲಿದ್ದಾನೆ ಅನ್ನುವುದು ಶಬ್ದದಲ್ಲೇ ಗೊತ್ತಾಗುವಷ್ಟು ಚೆನ್ನಾಗಿ ಮಾಡಿದ್ದಾರೆ. ಒಂದು ಸಲ ಕೊಂದ ಬಾಸನ್ನು ಮುಂದಿನ ಓಟದಲ್ಲಿ ಮತ್ತೆ ಕೊಲ್ಲಲೇಬೇಕೆಂದೇನೂ ಇಲ್ಲ, ಮುಂದಿನ ವಲಯದ ಬಾಗಿಲು ಹುಡುಕಿದರೆ ಸಾಕು. ನೆಮೆಸಿಸ್ ದಾಟಿದ ಮೇಲೆ ಸತ್ತರೆ ಆಟ ನಾಲ್ಕನೇ ವಲಯದಿಂದಲೇ ಶುರು. ವಿಚಿತ್ರ ಅಂದರೆ, ನನಗೆ ಮೂರನೇ ವಲಯದಷ್ಟು ಕಾಟ ಕೊಟ್ಟದ್ದು ಆಮೇಲಿನ ಯಾವುದೂ ಇಲ್ಲ. ಅಲ್ಲಿನ ಹಾರುವ ಯಂತ್ರಗಳನ್ನು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಕಷ್ಟದ ಏರು ನಡುವೆಯೇ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ.

ಈಗ ಸಮಯದ ಮಾತು. ಎಚ್ಚರಿಕೆಯಿಂದ, ಮೂಲೆಮೂಲೆ ಹುಡುಕಿ ಆಡಿದರೆ ಒಂದು ಓಟಕ್ಕೆ ಎರಡು ಮೂರು ಗಂಟೆ ಸುಲಭವಾಗಿ ಹೋಗುತ್ತದೆ. ಗೇಮ್ ಬಂದ ಮೊದಲ ತಿಂಗಳುಗಳಲ್ಲಿ ನಡುವೆ ಉಳಿಸಿಡುವ ದಾರಿಯೇ ಇರಲಿಲ್ಲ. ಎದ್ದು ಹೋಗಬೇಕಾದರೆ ಕನ್ಸೋಲನ್ನು ಪೂರ್ತಿ ಆರಿಸದೆ ರೆಸ್ಟ್ ಮೋಡ್‌ನಲ್ಲಿ ಬಿಡಬೇಕು, ಆ ನಡುವೆ ಇನ್ನೊಂದು ಗೇಮ್ ತೆರೆದರೆ ಓಟ ಹೋದಂತೆ. 2021ರ ಅಕ್ಟೋಬರ್ ಅಪ್‌ಡೇಟ್‌ನಲ್ಲಿ ಓಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿಡುವ ಸೌಲಭ್ಯ ಬಂತು. ಅದೂ ಒಂದು ಸಲಕ್ಕೆ ಮಾತ್ರ: ವಾಪಸ್ ಬಂದು ಶುರು ಮಾಡಿದ ತಕ್ಷಣ ಅದು ಅಳಿಸಿಹೋಗುತ್ತದೆ, ಕಾದಾಟದ ನಡುವೆ ನಿಲ್ಲಿಸಲೂ ಆಗುವುದಿಲ್ಲ. ನ್ಯಾಯವೇ, ಇಲ್ಲದಿದ್ದರೆ ಸಾವಿಗೆ ಬೆಲೆ ಇರಲ್ಲ. ಆದರೆ ಮೂಲ ತೊಂದರೆ ಅದರಿಂದ ಹೋಗಲಿಲ್ಲ. ಎರಡು ಗಂಟೆ ಕಟ್ಟಿದ ಓಟ ಮೂವತ್ತು ಸೆಕೆಂಡಿನಲ್ಲಿ ಮುಗಿದಾಗ ಕೈಗೆ ಉಳಿಯುವುದು ಒಂದಿಷ್ಟು ಈಥರ್. ಕಷ್ಟದ ಮಟ್ಟ ಆರಿಸಿಕೊಳ್ಳುವ ಅವಕಾಶವೂ ಇಲ್ಲ. ಕೋಣೆಗಳನ್ನು ಕೈಯಿಂದಲೇ ರೂಪಿಸಿ ಜೋಡಣೆಯನ್ನು ಮಾತ್ರ ಬದಲಾಯಿಸುವುದರಿಂದ ಸ್ವಲ್ಪ ದಿನದಲ್ಲೇ ಬಾಗಿಲು ತೆರೆದ ಕೂಡಲೇ 'ಓ, ಇದು ಆ ಕೋಣೆ' ಅನಿಸಲು ಶುರುವಾಗುತ್ತದೆ. ಇದರಿಂದ ಅನುಕೂಲವೂ ಇದೆ. ಶತ್ರುಗಳು ಸಾಮಾನ್ಯವಾಗಿ ಎಲ್ಲಿಂದ ಬರುತ್ತಾರೆ, ಅಡಗಿದ ಗೋಡೆ ಎಲ್ಲಿದೆ ಅಂತ ತಿಳಿದಿರುತ್ತದೆ. ಬೆರಗು ಮಾತ್ರ ಉಳಿಯುವುದಿಲ್ಲ.

ಕಥೆ ನನಗೆ ಇಷ್ಟವಾಯಿತು, ಎಲ್ಲರಿಗೂ ಆಗುತ್ತದೆ ಅನ್ನಲಾರೆ. ಆ ಗ್ರಹದ ಕಾಡಿನ ನಡುವೆ ನಮ್ಮ ಭೂಮಿಯದೇ ಒಂದು ಹಳೇ ಮನೆ ನಿಂತಿರುತ್ತದೆ. ಅದರೊಳಗೆ ಹೋದರೆ ಕ್ಯಾಮೆರಾ ಸೆಲೀನ್‌ಳ ಕಣ್ಣಿಗೇ ಬಂದು ಕೂರುತ್ತದೆ, ಓಟವಿಲ್ಲ, ಬಂದೂಕಿಲ್ಲ. ಅಷ್ಟು ಗದ್ದಲದ ನಂತರ ಆ ಮೌನ ಚೆನ್ನಾಗಿ ಹೆದರಿಸುತ್ತದೆ. ಸೆಲೀನ್‌ಗೆ ದನಿ ಕೊಟ್ಟ ಜೇನ್ ಪೆರ‍್ರಿಗೆ 2022ರಲ್ಲಿ ಬ್ರಿಟನ್ನಿನ ಬಾಫ್ಟಾ ಗೇಮ್ಸ್ ಪ್ರಶಸ್ತಿ ಬಂತು, ಅದೇ ವರ್ಷದ ಅತ್ಯುತ್ತಮ ಗೇಮ್ ಪ್ರಶಸ್ತಿಯೂ ರಿಟರ್ನಲ್‌ಗೇ ಹೋಯಿತು. ಗ್ರೀಕ್ ಪುರಾಣ ಗೊತ್ತಿದ್ದರೆ ಹೆಸರುಗಳಲ್ಲೇ ಸುಳಿವು ಸಿಗುತ್ತದೆ. ಅಟ್ರೊಪಾಸ್ ಎಂದರೆ ಬದುಕಿನ ದಾರ ಕತ್ತರಿಸುವವಳು, ಸೆಲೀನ್ ಚಂದ್ರನ ದೇವತೆ, ಅವಳ ನೌಕೆಯ ಹೆಸರು ಹೀಲಿಯಾಸ್ ಅಂದರೆ ಸೂರ್ಯ. ಆದರೆ ಕಥೆಯ ತುಣುಕುಗಳು ಧ್ವನಿಮುದ್ರಣಗಳಲ್ಲಿ ಚೆಲ್ಲಾಪಿಲ್ಲಿ ಬಿದ್ದಿವೆ. ಒಂದನ್ನು ಕೇಳುತ್ತಿರುವಾಗಲೇ ಪಕ್ಕದಲ್ಲಿ ಶತ್ರು ಎದ್ದರೆ ಅರ್ಧ ಮಾತು ಕಿವಿಗೇ ಬೀಳುವುದಿಲ್ಲ. ಗುಟ್ಟಿನ ಮುಕ್ತಾಯಕ್ಕಾಗಿ ಪ್ರತಿ ವಲಯದಿಂದ ಒಂದೊಂದರಂತೆ 6 ತುಂಡುಗಳನ್ನು ಹುಡುಕಬೇಕು. ಮುಖ್ಯ ಕಥೆ ಮುಗಿದ ಮೇಲೆ, ಆಗಲೇ ನೋಡಿದ ಕೋಣೆಗಳಲ್ಲಿ! ಇಷ್ಟು ಮಾಡಿದರೂ ಅದು ಉತ್ತರ ಕೊಡುವುದಿಲ್ಲ, ಇನ್ನೊಂದು ಪ್ರಶ್ನೆ ಕೈಗಿಡುತ್ತದೆ. ನನಗೆ ಪ್ರಶ್ನೆ ಸಾಕಾಯಿತು. ನೇರ ಉತ್ತರ ಬೇಕಾದವರು ಮೊದಲ ಮುಕ್ತಾಯಕ್ಕೇ ನಿಲ್ಲಿಸಿ.

2022ರ ಮಾರ್ಚ್‌ನಲ್ಲಿ ಇಬ್ಬರು ಒಟ್ಟಿಗೆ ಆಡುವ ಸೌಲಭ್ಯ ಬಂತು. ಜೊತೆಗಾರ ಬಿದ್ದಾಗ ಎಬ್ಬಿಸಬಹುದಾದ್ದರಿಂದ ಹೊಸಬರಿಗೆ ಇದು ಒಳ್ಳೆಯ ಬಾಗಿಲು. ಅದರ ಜೊತೆಗೇ ಟವರ್ ಆಫ್ ಸಿಸಿಫಸ್ ಎಂಬ ಕೊನೆಯಿಲ್ಲದ ಗೋಪುರವೂ ಸೇರಿತು. ಅಲ್ಲಿ ಹುಡುಕಾಟ ಕಮ್ಮಿ, ಒಂದೊಂದೇ ಮಹಡಿ ಹತ್ತುತ್ತಾ ಅಂಕ ಗಳಿಸಬೇಕು. ನಿಧಾನ ಮಾಡಿದರೆ ಅಂಕದ ಗುಣಕ ಇಳಿಯುತ್ತದೆ. ಕಥೆ ಮುಗಿದ ಮೇಲೆ ನಾನು ಈ ಗೇಮ್ ತೆರೆಯುವುದು ಗೋಪುರಕ್ಕಾಗಿಯೇ.